ನಮ್ಮ ತಾರಸಿಯಿಂದ ಕಾಣುವ ನಕ್ಷತ್ರ

ಪ್ರಿನ್ಸ್‌ಟನ್, ನ್ಯೂಜೆರ್ಸಿ
ಮೇ 10

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನು ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ದೂರದರ್ಶಕವನ್ನು ಬೆಟ್ಟದ ಮೇಲೆ ಇಟ್ಟರೆ ಸಾಲದಾ, ಆಕಾಶಕ್ಕೇ ಯಾಕೆ ಹಾರಿಸಬೇಕು ಅಂತ ಫೋನಿನಲ್ಲಿ ಕೇಳಿದಿರಲ್ಲ, ಅವತ್ತು ಸರಿಯಾಗಿ ಹೇಳಲಿಲ್ಲ. ಬೆಟ್ಟದ ಮೇಲೂ ಗಾಳಿ ಇರುತ್ತೆ ಅಲ್ವಾ? ನಕ್ಷತ್ರದಿಂದ ಬರುವ ಎಕ್ಸ್-ರೇಯನ್ನೂ ನೇರಳಾತೀತ ಬೆಳಕನ್ನೂ ಆ ಗಾಳಿಯೇ ತಡೆದುಬಿಡುತ್ತದೆ. ನಮ್ಮ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕ್ಯಾಂಪಸ್ಸಿನಲ್ಲಿ ಜೋಡಿಸಿದ ನೇರಳಾತೀತ ದೂರದರ್ಶಕ 2015ರಲ್ಲಿ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೆ ಹೋಗಿದ್ದೂ ಅದಕ್ಕೇ.

ಆಮೇಲೆ ಇಲ್ಲಿ ಪ್ರೊಫೆಸರ್ ಆದ ಲೈಮನ್ ಸ್ಪಿಟ್ಜರ್, ದೂರದರ್ಶಕವನ್ನು ಆಕಾಶಕ್ಕೆ ಹಾರಿಸಬೇಕು ಅಂತ 1946ರಲ್ಲೇ ಬರೆದಿದ್ದರು. ಆಗ ಒಂದು ಉಪಗ್ರಹವೂ ಇರಲಿಲ್ಲ. ಅವರ ದೂರದರ್ಶಕ ಹಾರಿದ್ದು 1972ರ ಆಗಸ್ಟ್ 21ರಂದು. 26 ವರ್ಷ ಕಾದರು, ಅಪ್ಪ! ನಾಸಾದ ಅದೇ ಸರಣಿಯ ಮೊದಲ ದೂರದರ್ಶಕ 1966ರಲ್ಲಿ ಏನನ್ನೂ ನೋಡುವ ಮೊದಲೇ ಕೆಟ್ಟುಹೋಗಿತ್ತು. 1970ರದ್ದು ರಾಕೆಟ್ಟಿನ ಮೂತಿಯ ಮುಚ್ಚಳ ಕಳಚಿಕೊಳ್ಳದೆ ಕಕ್ಷೆಯನ್ನೇ ಸೇರಲಿಲ್ಲ. 1972ರದ್ದಕ್ಕೆ ಕೋಪರ್ನಿಕಸ್ ಅಂತ ಹೆಸರಿಟ್ಟರು. 80 ಸೆಂ.ಮೀ. ಕನ್ನಡಿ, ಜೊತೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರ ಎಕ್ಸ್-ರೇ ಉಪಕರಣ. 1981ರವರೆಗೆ ಕೆಲಸ ಮಾಡಿತು.

ಅದು ಫೋಟೋ ಕಳಿಸುತ್ತಿರಲಿಲ್ಲ. ನಕ್ಷತ್ರದ ಬೆಳಕನ್ನು ಎಳೆ ಎಳೆಯಾಗಿ ಬಿಡಿಸಿ, ಒಂದೊಂದು ಎಳೆಯಲ್ಲಿ ಎಷ್ಟು ಬೆಳಕಿದೆ ಅಂತ ಎಣಿಸುತ್ತಿತ್ತು. ಆ ಎಣಿಕೆಯ ಗೆರೆ ಹೇಗಿರುತ್ತೆ ಗೊತ್ತಾ? ಹೈಡ್ರೋಜನ್ ಬೆಳಕು ನುಂಗಿದ ಕಡೆ ದೊಡ್ಡ ಹಳ್ಳ. ಪಕ್ಕದಲ್ಲೇ ಉಗುರಿನಿಂದ ಗೀರಿದಷ್ಟು ಪುಟ್ಟ ತಗ್ಗು. ಆ ತಗ್ಗು ಡ್ಯುಟೀರಿಯಂನದು, ಅಂದರೆ ಭಾರದ ಹೈಡ್ರೋಜನ್. ನಕ್ಷತ್ರಗಳ ನಡುವಿನ ಅನಿಲದಲ್ಲಿ ಸುಮಾರು 70 ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಅದು ಒಂದೇ ಒಂದು ಅಂತ 1973ರಲ್ಲಿ ಲೆಕ್ಕ ಸಿಕ್ಕಿತು. ನಕ್ಷತ್ರಗಳು ಅದನ್ನು ಸುಟ್ಟುಹಾಕುತ್ತವೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಹಾಗಾದರೆ ಈಗ ಇರುವುದು ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಆಗಿದ್ದರಲ್ಲಿ ಉಳಿದದ್ದು. ಇದನ್ನು ಓದಿ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆ ಲೆಕ್ಕಕ್ಕಾಗಿ ಕೋಪರ್ನಿಕಸ್ ನೋಡಿದ ನಕ್ಷತ್ರ ಬೀಟಾ ಸೆಂಟಾರಿ. ಈ ಊರು ಜಾಸ್ತಿ ಉತ್ತರಕ್ಕಿದೆ, ಇಲ್ಲಿ ಅದು ಕಾಣುವುದೇ ಇಲ್ಲ. ನಮ್ಮ ತಾರಸಿಯಿಂದ ಕಾಣುತ್ತದೆ! ರಾತ್ರಿ ಹತ್ತೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೈ ಚಾಚಿ ಗೇಣು ಹಿಡಿಯಿರಿ. ನೆಲದಂಚಿನಿಂದ ಗೇಣಿಗಿಂತ ಚೂರು ಕಡಿಮೆ ಎತ್ತರದಲ್ಲಿ ಎರಡು ಜೋರು ನಕ್ಷತ್ರ ಅಕ್ಕಪಕ್ಕ ಇರುತ್ತವೆ. ಎಡಗಡೆಯದು ಹೆಚ್ಚು ಹೊಳೆಯುತ್ತದೆ. ನಾನು ಹೇಳುತ್ತಿರುವುದು ಬಲಗಡೆಯದು.

ಮೋಡ ಇದ್ದರೆ ಮಾರನೇ ದಿನ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಮೆಟ್ಟಿಲ ಲೈಟ್ ಹಾಕಿಕೊಳ್ಳಿ. ಕಂಡ ತಕ್ಷಣ ಫೋನ್ ಮಾಡಿ. ಇಲ್ಲಿ ಆಗ ಮಧ್ಯಾಹ್ನ, ಕಾಯುತ್ತಿರುತ್ತೇನೆ.

ನಿಮ್ಮ ಮಗಳು