ಟೋಕನ್ ಕೊಡುವ ಮೊದಲು ಕಾಗದ ಓದಲು ಬಿಡಿ

ಮಾನ್ಯ ಸಂಪಾದಕರೇ,

ನನ್ನ ಮಗಳು, ಅಳಿಯ ಹೋದ ವರ್ಷ ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು-ನಲವತ್ತರ ಒಂದು ಸೈಟು ನೋಡಿದರು. ಬೆಲೆ 60 ಲಕ್ಷ. "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ, ಟೋಕನ್ ಕೊಟ್ಟು ಹಿಡ್ಕೊಳ್ಳಿ" ಎಂದ ಬ್ರೋಕರ್. ಇಬ್ಬರೂ ಕಾರಿನಲ್ಲೇ ಕೂತು ಮಾಲೀಕರ ಬ್ಯಾಂಕ್ ಖಾತೆಗೆ 2 ಲಕ್ಷ ಮುಂಗಡ ಕಳಿಸಿಬಿಟ್ಟರು. ರಸೀದಿ ಅಂತ ಸಿಕ್ಕಿದ್ದು ಒಂದು ಬಿಳಿ ಚೀಟಿ. ವಕೀಲರ ಹತ್ತಿರ ಹೋಗಿದ್ದು ಆಮೇಲೆ.

ಇಸಿ, ಅಂದರೆ ಋಣಭಾರ ಪತ್ರ, ಚೊಕ್ಕವಾಗಿಯೇ ಇತ್ತು. ಆಸ್ತಿ ತೆರಿಗೆಯ ದಾಖಲೆಯಾದ ಇ-ಖಾತೆಯೂ ಇತ್ತು. ವಕೀಲರು ಕೇಳಿದ್ದು ಹಿಂದಿನ ಮಾಲೀಕರ ವಂಶವೃಕ್ಷ. ಅದು ಪಿತ್ರಾರ್ಜಿತ ಜಮೀನು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹತ್ತು ವರ್ಷದ ಹಿಂದೆ ಮಾರುವಾಗ ಸಹಿ ಹಾಕಿದ್ದು ಗಂಡುಮಕ್ಕಳು ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಲ್ವಾ? ಅವರು ನಾಳೆ ಪಾಲು ಕೇಳಿ ದಾವೆ ಹೂಡಿದರೆ ಕೋರ್ಟಿಗೆ ಅಲೆಯುವವರು ಸೈಟು ಕೊಂಡವರು. ವ್ಯವಹಾರ ಬಿಟ್ಟೆವು. ಕೊಟ್ಟ ದುಡ್ಡಿನಲ್ಲಿ ಒಂದು ರೂಪಾಯಿಯೂ ವಾಪಸು ಬಂದಿಲ್ಲ. ಉಳಿದ 58 ಲಕ್ಷ ಮುಳುಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇವೆ.

"ರಿಜಿಸ್ಟರ್ ಆಗುತ್ತೆ ತಾನೇ? ಸರ್ಕಾರ ಸುಮ್ನೆ ಮಾಡಿಕೊಡುತ್ತಾ?" ಎಂದು ಅಳಿಯ ಕೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಬ್ ರಿಜಿಸ್ಟ್ರಾರ್ ಪತ್ರವನ್ನು ನೋಂದಾಯಿಸುತ್ತಾರೆ, ಅಷ್ಟೇ. ಮಾರುವವರಿಗೆ ಪೂರ್ತಿ ಹಕ್ಕಿದೆ ಎಂದು ಖಾತ್ರಿ ಕೊಡುವುದಿಲ್ಲ. ಖಾತೆ ಇರುವುದು ತೆರಿಗೆ ಕಟ್ಟಲು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ. ಸಹಿ ಹಾಕದ ಅಕ್ಕತಂಗಿಯರು ಅದರಲ್ಲಿ ಎಲ್ಲಿ ಕಾಣಬೇಕು? ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಿಪಿಎಯನ್ನೇ ತೋರಿಸಿ ಮಾರುವವರು ಇವತ್ತಿಗೂ ಇದ್ದಾರೆ.

ಬ್ಯಾಂಕ್ ಲೋನ್ ಕೊಟ್ಟರೆ ಕಾಗದ ಸರಿಯಿದೆ ಎನ್ನುವ ನಂಬಿಕೆ ಬೇರೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ದುಡ್ಡಿನ ಕ್ಷೇಮ. ಫೀಸು ನಮ್ಮಿಂದ, ವರದಿ ಅವರ ಫೈಲಿಗೆ! ಫೀಸು ಕಟ್ಟಿದವರಿಗೆ ಅದರ ಒಂದು ಪ್ರತಿ ಕೊಟ್ಟರೆ ಏನು ನಷ್ಟ?

ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 13ನೇ ಸೆಕ್ಷನ್ ಇದೆ. ಕರಾರು ನೋಂದಣಿ ಆಗದೆ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತಿಲ್ಲ. ಯಾರೋ ಒಬ್ಬರಿಂದ ಹಳೇ ಮನೆಯನ್ನೋ ಬಿಡಿ ಸೈಟನ್ನೋ ಕೊಳ್ಳುವವರಿಗೆ ಅದೂ ಇಲ್ಲ. ಕೈಲಿರುವ ಉಳಿತಾಯದಲ್ಲಿ ಮೊದಲ ಸಲ ಮನೆ ಮಾಡಲು ಹೊರಟವರು ಎಡವುವುದು ಇಲ್ಲೇ.

2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 60 ಲಕ್ಷದ ಸೈಟಿಗೆ ಅದೊಂದೇ 1.2 ಲಕ್ಷ, ಮುದ್ರಾಂಕ ಶುಲ್ಕ ಬೇರೆ. ಇಷ್ಟು ವಸೂಲಿ ಮಾಡುವ ಸರ್ಕಾರ ಟೋಕನ್ ಕರಾರಿಗೆ ಒಂದು ಪುಟದ ಕನ್ನಡ ನಮೂನೆ ಮಾಡಿಕೊಡಲಿ. ಕಾಗದವನ್ನು ವಕೀಲರಿಗೆ ತೋರಿಸಲು 15 ದಿನ ಕಾಲಾವಕಾಶ, ಹಕ್ಕಿನಲ್ಲಿ ದೋಷ ಸಿಕ್ಕರೆ ಟೋಕನ್ ವಾಪಸು: ಇವೆರಡು ಅದರಲ್ಲಿ ಇದ್ದರೆ ಸಾಕು. ನೋಂದಣಿ ಎಂದರೆ ಹಕ್ಕಿನ ಖಾತ್ರಿಯಲ್ಲ ಎಂಬ ಬೋರ್ಡನ್ನು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೇ ಹಾಕಲಿ.

ಕ್ರಯಪತ್ರದ ಕರಡನ್ನು ಎರಡು ದಿನ ಮೊದಲೇ ಮನೆಗೆ ಕೊಡುವ ರೂಢಿಯೂ ಬರಬೇಕು. ನಮ್ಮ ಪಕ್ಕದ ಮನೆಯವರು ಕಚೇರಿಯ ಗದ್ದಲದಲ್ಲಿ ಓದದೆ ಸಹಿ ಹಾಕಿದರು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ಪೂರ್ವ, ಪಶ್ಚಿಮ ಅದಲುಬದಲಾಗಿವೆ. ಈಗ ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿಯೇ ಬೇಕು. ಅವರು ದುಬೈನಲ್ಲಿದ್ದಾರಂತೆ.

ಇಂತಿ,
ನಿವೃತ್ತ ಶಿಕ್ಷಕಿ, ತುಮಕೂರು