ಘಾಟಿಗೆ ಹೊರಡುವ ಮೊದಲು ಫ್ಯಾನ್ ಬೆಲ್ಟ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಶಿರಾಡಿ ಕಡೆಗೆ ಹೊರಡುವ ಹಳೇ ಮಾರುತಿ 800 ಗೆಳೆಯರೇ, ಇವತ್ತೇ ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ನೋಡಿ. ಹೆಸರು ಫ್ಯಾನ್ ಬೆಲ್ಟ್ ಅಂತಿದ್ದರೂ ನಮ್ಮ ಗಾಡಿಯಲ್ಲಿ ಅದು ತಿರುಗಿಸುವುದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು) ಮತ್ತು ವಾಟರ್ ಪಂಪನ್ನು (ಎಂಜಿನ್ ತಂಪಾಗಿಡುವ ನೀರು ಹರಿಸುವುದು), ಹಾಗಾಗಿ ತುಂಡಾದರೆ ಬ್ಯಾಟರಿ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳೂ ಏರುತ್ತದೆ. ಆಗ ಇನ್ನೆರಡು ಕಿಲೋಮೀಟರ್ ಅಷ್ಟೇ ಅಲ್ವಾ ಅಂತ ಓಡಿಸಬೇಡಿ, ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗುತ್ತದೆ.

ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಬೆಲ್ಟನ್ನು ಸ್ವಲ್ಪ ತಿರುಚಿ ಒಳಮೈ ನೋಡಿ. ಮೇಲೆ ಚೆನ್ನಾಗಿ ಕಂಡರೂ ಬಿರುಕು ಇರುವುದು ಒಳಗೇ. ನನ್ನದರಲ್ಲಿ ಹೋದ ವಾರ ಅಡ್ಡಡ್ಡ ಗೆರೆ, ಅಂಚಿನಲ್ಲಿ ನೂಲು ಎದ್ದಿತ್ತು, ಪಕ್ಕದ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀರ್ ಅನ್ನುತ್ತಿದ್ದದ್ದು ಅದಕ್ಕೇ.

ಬದಲಿಸುವುದು ಕಷ್ಟವಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್ ಬೋಲ್ಟ್‌ಗಳನ್ನು ಸಡಿಲಿಸಿ ಅದನ್ನು ಎಂಜಿನ್ ಕಡೆ ತಳ್ಳಿದರೆ ಹಳೇ ಬೆಲ್ಟ್ ಬರುತ್ತದೆ (ಎಸಿ ಗಾಡಿಯಾದರೆ ಅದರ ಬೆಲ್ಟ್ ಮೊದಲು ತೆಗೆಯಬೇಕು). ಪುಲ್ಲಿ ಒರೆಸಿ, ಅದೇ ನಂಬರಿನ ಹೊಸದು ಹಾಕಿ. ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಬೇಡಿ, ಒಳಗಿನ ನೂಲು ಹರಿಯುತ್ತದೆ. ಆಲ್ಟರ್ನೇಟರನ್ನು ಹೊರಗೆ ಎಳೆದು ಬೆಲ್ಟ್ ಬಿಗಿ ಮಾಡಿ ಬೋಲ್ಟ್ ಕಟ್ಟಿ. ಜಾಸ್ತಿ ಬಿಗಿ ಮಾಡಿದರೆ ಬೇರಿಂಗ್ ಹಾಳು, ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಸ್ವಲ್ಪ ಬಗ್ಗಬೇಕು. ಹೊಸ ಬೆಲ್ಟ್ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ, ಇನ್ನೂರು ಮುನ್ನೂರು ಕಿಲೋಮೀಟರ್ ಆದಮೇಲೆ ಮತ್ತೆ ನೋಡಿ.

ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್, ಸ್ಪ್ಯಾನರ್ ಇರಲಿ. ಸ್ಪ್ಯಾನರ್ ಇಲ್ಲದವರು ಶನಿವಾರ ಸಂಜೆ ನಮ್ಮ ಮನೆ ಹತ್ತಿರ ಬನ್ನಿ, ಒಟ್ಟಿಗೆ ಮಾಡೋಣ.