ನೀನು ಬಿಟ್ಟ ಪುಟಗಳು

ಪ್ರೀತಿಯ ಮಗೂ,

ನೀನು ಬರೆದ ಏಬ್ರಹಾಂ ಲಿಂಕನ್ ಜೀವನಚರಿತ್ರೆಯ ಹಸ್ತಪ್ರತಿ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಅದರ ಜೊತೆ ಇಟ್ಟಿದ್ದ ಕಾಗದವನ್ನು ಇನ್ನೂ ಜಾಸ್ತಿ ಸಲ ಓದಿದೆ. "ಈ ಮನುಷ್ಯನನ್ನು ನಾಲ್ಕು ವರ್ಷ ನಂಬಿ ಬರೆದೆ. ಚಾರ್ಲ್ಸ್‌ಟನ್ ಭಾಷಣ ಓದಿದ ಮೇಲೆ ಪೆನ್ನು ಮುಟ್ಟೋಕೆ ಆಗ್ತಿಲ್ಲ. ಎಲ್ಲ ಹರಿದು ಹಾಕಲಾ?" ಎಂದು ಕೇಳಿದ್ದೀಯ.

ಹರಿಯಬೇಡ. ಪುಸ್ತಕ ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರನ್ನು ಕೇಳಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನಗೆ ಹೇಳೋಕಿರುವುದು ನೀನು ಬಿಟ್ಟ ಪುಟಗಳ ಬಗ್ಗೆ ಮಾತ್ರ.

ಮೊದಲು ಒಂದು ಮಾತು. ಇಂಡಿಯಾನಾದ ಕಾಡಿನ ಅಧ್ಯಾಯ ಬಹಳ ಚೆನ್ನಾಗಿದೆ. ಕಾಡಿಗೆ ಮೇಯಲು ಬಿಟ್ಟ ಹಸು ಒಂದು ವಿಷದ ಗಿಡ ತಿನ್ನುತ್ತದೆ. ವಿಷ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿದವರು ಸಾಯುತ್ತಾರೆ. ಯಾಕೆ ಸತ್ತರು ಅಂತ ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. 1818ರ ಅಕ್ಟೋಬರ್‌ನಲ್ಲಿ ನ್ಯಾನ್ಸಿ ಲಿಂಕನ್ ಹಾಗೆ ಹೋದಾಗ ಮಗ ಏಬ್ರಹಾಂಗೆ ಒಂಬತ್ತು ವರ್ಷ. ಅಲ್ಲಿ ನೀನು ಒಂದು ಕಣ್ಣೀರಿನ ಮಾತೂ ಬರೆದಿಲ್ಲ. ಹಾಲಿನ ಪಾತ್ರೆಯನ್ನು ಮಾತ್ರ ತೋರಿಸಿದ್ದೀಯ. ಮನೆಯಲ್ಲಿ ಹಸು ಕಟ್ಟಿದವರಿಗೆ ಅಷ್ಟೇ ಸಾಕು. ಓದಿ ಎದ್ದು ಹಿತ್ತಲಿಗೆ ಹೋಗಿ ನಿಂತುಕೊಂಡೆ.

ಅಷ್ಟು ನಿಜವಾಗಿ ಬರೆಯುವ ಹುಡುಗಿ ಅಪ್ಪನ ವಿಷಯ ಬಂದ ತಕ್ಷಣ ಯಾಕೆ ಹೆದರಿದೆ? ಥಾಮಸ್ ಲಿಂಕನ್ ನಿನ್ನ ಪುಸ್ತಕದಲ್ಲಿ "ಕಷ್ಟಜೀವಿ ತಂದೆ" ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತಾನೆ. ಮಗನನ್ನು ಪಕ್ಕದ ಹೊಲಗಳಿಗೆ ಕೂಲಿಗೆ ಕಳಿಸಿ ಬಂದ ದುಡ್ಡನ್ನು ಅಪ್ಪ ತೆಗೆದುಕೊಳ್ಳುತ್ತಿದ್ದ. ಇಪ್ಪತ್ತೊಂದು ತುಂಬುವವರೆಗೆ ಅದು ಅಪ್ಪನ ಹಕ್ಕು ಎಂದು ಕಾನೂನೇ ಹೇಳುತ್ತಿತ್ತು. 1851ರ ಜನವರಿಯಲ್ಲಿ ಆ ಅಪ್ಪ ಸಾಯುವ ಸ್ಥಿತಿಯಲ್ಲಿದ್ದ. ಮಗ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೆಸರು ಮಾಡಿದ ವಕೀಲ. ಬರಲಿಲ್ಲ. ಹೆಂಡತಿಗೆ ಹುಷಾರಿಲ್ಲ ಎಂದು ಮಲತಮ್ಮನಿಗೆ ಬರೆದ. ಈಗ ಭೇಟಿಯಾದರೆ ಸಂತೋಷಕ್ಕಿಂತ ನೋವೇ ಜಾಸ್ತಿ ಆಗಬಹುದೇನೋ ಎಂದು ಅಪ್ಪನಿಗೆ ಹೇಳು ಅಂತಲೂ ಬರೆದ. ಮಣ್ಣಿಗೂ ಹೋಗಲಿಲ್ಲ.

ಆ ಪತ್ರ ನಿನಗೆ ಸಿಕ್ಕಿದೆ. ನಿನ್ನ ಟಿಪ್ಪಣಿ ಪುಸ್ತಕದ ನಕಲಿನಲ್ಲಿ ನೋಡಿದೆ. ಅಧ್ಯಾಯದಲ್ಲಿ ಮಾತ್ರ ಇಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿಗೆ.

1860ರ ಮೇ ತಿಂಗಳಲ್ಲಿ ಇಲಿನಾಯ್‌ನ ಡಿಕೇಟರ್‌ನಲ್ಲಿ ಅವನ ರಿಪಬ್ಲಿಕನ್ ಪಕ್ಷದ ಸಭೆ ನಡೆಯಿತು. ಅಲ್ಲಿಗೆ ಬೇಲಿಯ ಎರಡು ಮರದ ಸೀಳುಗಳನ್ನು ಹೊತ್ತು ತಂದರು. ಇದನ್ನು ಸೀಳಿದ್ದು ನಮ್ಮ ಲಿಂಕನ್ ಎಂದು ಮೆರೆಸಿದರು. "ಬೇಲಿ ಮರ ಸೀಳಿದವನು" ಎಂಬ ಹೆಸರು ಹುಟ್ಟಿದ್ದು ಆಗ. ನೀನು ಅದನ್ನು ಎರಡು ಪುಟ ಕೊಂಡಾಡಿದ್ದೀಯ. ಆ ಕೊಡಲಿಯ ಬದುಕಿನಿಂದ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಓಡಿಹೋದವನು ಅವನು. ಅಪ್ಪನ ಪುಟ ಇಲ್ಲದೆ ಈ ಮೆರವಣಿಗೆಯ ಪುಟಕ್ಕೆ ಅರ್ಥ ಎಲ್ಲಿಂದ ಬರಬೇಕು?

ಅದೇ ಬೇಸಿಗೆಯಲ್ಲಿ ಅಧ್ಯಕ್ಷ ಚುನಾವಣೆಗೋಸ್ಕರ ಅವನು ತನ್ನ ಬದುಕಿನ ಒಂದು ಚಿಕ್ಕ ಕಥೆ ಬರೆದುಕೊಟ್ಟ. ನೀನೂ ಓದಿದ್ದೀಯ. 1816ರಲ್ಲಿ ಮನೆಯವರು ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಯಾಕೆ ಹೋದರು? ಸ್ವಲ್ಪ ಮಟ್ಟಿಗೆ ಗುಲಾಮಗಿರಿ ಕಾರಣ, ಆದರೆ ಮುಖ್ಯವಾಗಿ ಜಮೀನಿನ ಹಕ್ಕುಪತ್ರದ ತಕರಾರು ಎಂದು ಬರೆದ. ಯೋಚನೆ ಮಾಡು ಮಗೂ. ಗುಲಾಮಗಿರಿ ಹರಡಬಾರದು ಎನ್ನುವ ಪಕ್ಷದ ಅಭ್ಯರ್ಥಿ ಅವನು. ಗುಲಾಮಗಿರಿ ಸಹಿಸದೆ ನಮ್ಮಪ್ಪ ಊರು ಬಿಟ್ಟ ಎಂದಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಎಷ್ಟು ಚೆಂದದ ಕಥೆ ಆಗುತ್ತಿತ್ತು! ಅವನು "ಮುಖ್ಯವಾಗಿ" ಎಂಬ ಪದವನ್ನು ಜಮೀನಿನ ಪಕ್ಕದಲ್ಲಿಟ್ಟ. ನೀನು ನಿನ್ನ ಎರಡನೇ ಅಧ್ಯಾಯದಲ್ಲಿ ಅದನ್ನು ತಿರುಗಿಸಿ ಗುಲಾಮಗಿರಿಯ ಪಕ್ಕದಲ್ಲಿಟ್ಟೆ. ಅವನೇ ಮಾಡದ ತಿದ್ದುಪಡಿ ನೀನು ಯಾಕೆ ಮಾಡಿದೆ?

ಸೋಲುಗಳ ಪಟ್ಟಿಯನ್ನೂ ತೆಗೆದುಹಾಕು. 1832ರಲ್ಲಿ ಸೋತ, ಅಂಗಡಿ ಮುಳುಗಿತು, ಮತ್ತೆ ಸೋತ, ಕೊನೆಗೆ ಅಧ್ಯಕ್ಷನಾದ ಎಂದು ಮೊಬೈಲ್‌ನಲ್ಲಿ ಸುತ್ತುವ ಪಟ್ಟಿ ಅದು. 1832ರಲ್ಲಿ ಇಲಿನಾಯ್ ಶಾಸನಸಭೆಯ ಚುನಾವಣೆಯಲ್ಲಿ ಸೋತದ್ದು ನಿಜ. ಆದರೆ ಅವನನ್ನು ಬಲ್ಲ ನ್ಯೂ ಸೇಲಂನಲ್ಲಿ 300 ಮತಗಳಲ್ಲಿ 277 ಅವನಿಗೇ ಬಿದ್ದಿದ್ದವು. 1834ರಲ್ಲಿ ಗೆದ್ದ. 36, 38, 40ರಲ್ಲಿ ಮತ್ತೆ ಗೆದ್ದ. 1846ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಬಂದ. ರೈಲ್ವೆ ಕಂಪನಿಯ ಪರ ವಾದಿಸಿ, 5000 ಡಾಲರ್ ಫೀಸಿಗಾಗಿ ಅದೇ ಕಂಪನಿಯ ಮೇಲೆ ಕೇಸು ಹಾಕಿ ಗೆದ್ದ ವಕೀಲ ಅವನು. ಮಗನ ಶಿಕ್ಷಕರಿಗೆ ಅವನು ಬರೆದದ್ದು ಎನ್ನುವ ಪತ್ರವೂ ಹಾಗೆಯೇ. ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಅದು ಇದೆ. ಅವನ ಬರಹಗಳ ಸಂಗ್ರಹದಲ್ಲಿ ಮಾತ್ರ ಇಲ್ಲ. ಚೆನ್ನಾಗಿದೆ ಎನ್ನುವ ಒಂದೇ ಕಾರಣಕ್ಕೆ ಸುಮ್ನೆ ಅದನ್ನು ಸೇರಿಸಿದ್ದೀಯ, ಅಲ್ವಾ?

ಈಗ ನಿನ್ನ ನಿದ್ದೆ ಕೆಡಿಸಿದ ಭಾಷಣ. ಸೆನೆಟ್ ಸ್ಥಾನಕ್ಕೆ ಎದುರಾಳಿಯಾಗಿದ್ದ ಸ್ಟೀಫನ್ ಡಗ್ಲಸ್ ಜೊತೆ ಲಿಂಕನ್ ಏಳು ಊರುಗಳಲ್ಲಿ ನಡೆಸಿದ ಚರ್ಚೆಗಳಲ್ಲಿ ಒಂದು ಅದು. 1858ರ ಸೆಪ್ಟೆಂಬರ್ 18, ಇಲಿನಾಯ್‌ನ ಚಾರ್ಲ್ಸ್‌ಟನ್. ಬಿಳಿಯರು ಕರಿಯರು ಸಮಾಜದಲ್ಲಿ, ರಾಜಕೀಯದಲ್ಲಿ ಸಮಾನರಾಗುವುದು ನನಗೆ ಬೇಕಿಲ್ಲ ಎಂದ. ಅವರಿಗೆ ಮತ ಕೊಡುವ ಪರವೂ ಇಲ್ಲ, ಅವರನ್ನು ಜೂರಿಯಲ್ಲಿ ಕೂರಿಸುವ ಪರವೂ ಇಲ್ಲ ಎಂದ. ಇದೇ ಮನುಷ್ಯ ಒಂದು ತಿಂಗಳ ಹಿಂದೆ ಒಟ್ಟಾವಾದಲ್ಲಿ ಬೇರೆ ಮಾತು ಆಡಿದ್ದ. ತನ್ನ ಕೈಯಾರೆ ದುಡಿದ ರೊಟ್ಟಿಯನ್ನು ಯಾರ ಅಪ್ಪಣೆಯೂ ಇಲ್ಲದೆ ತಿನ್ನುವ ಹಕ್ಕಿನಲ್ಲಿ ಕರಿಯ ಮನುಷ್ಯ ನನಗೂ ಸಮ, ಡಗ್ಲಸ್‌ಗೂ ಸಮ ಎಂದಿದ್ದ. ನೀನು ಒಟ್ಟಾವಾವನ್ನು ಇಟ್ಟುಕೊಂಡೆ. ಚಾರ್ಲ್ಸ್‌ಟನ್ ಬಿಟ್ಟೆ. ಎರಡೂ ಒಂದೇ ಬಾಯಿಂದ ಬಂದವು. ಡಗ್ಲಸ್ ಊರೂರಲ್ಲಿ ಅವನನ್ನು ಕರಿಯರ ಪಕ್ಷಪಾತಿ ಎಂದು ಚುಚ್ಚುತ್ತಿದ್ದ, ಅದಕ್ಕೆ ಹೆದರಿ ಹಾಗೆ ಹೇಳಿದ ಎನ್ನಬಹುದು. ಅದನ್ನೂ ಬರೆ. ಕ್ಷಮೆ ಕೊಡುವ ಕೆಲಸ ಮಾತ್ರ ನಿನ್ನದಲ್ಲ.

ಆ ಏಳು ಚರ್ಚೆಗಳ ಪತ್ರಿಕಾ ವರದಿಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡವನು ಸ್ವತಃ ಲಿಂಕನ್. 1860ರಲ್ಲಿ ಅದು ಪುಸ್ತಕವಾಗಿ ಬಂತು. ತನ್ನ ಭಾಷಣಕ್ಕೆ ತನ್ನ ಕಡೆಯ ಪತ್ರಿಕೆಯ ವರದಿ, ಡಗ್ಲಸ್ ಭಾಷಣಕ್ಕೆ ಡಗ್ಲಸ್ ಕಡೆಯ ಪತ್ರಿಕೆಯ ವರದಿ. ಚಾರ್ಲ್ಸ್‌ಟನ್ ಮಾತು ಅದರಲ್ಲಿ ಇದೆ. ಆ ಕಾಲದ ಮತದಾರರ ಮುಂದೆ ಆ ಮಾತಿನಿಂದ ಅವನಿಗೆ ನಷ್ಟವಿರಲಿಲ್ಲ, ಒಪ್ಪುತ್ತೇನೆ. ಆದರೂ ಇವತ್ತು ನಿನಗೆ ಆ ಮಾತು ಸಿಕ್ಕಿದ್ದು ಅವನು ಕತ್ತರಿ ಹಾಕದೆ ಇದ್ದದ್ದರಿಂದ.

ಇಷ್ಟು ಗಟ್ಟಿಯಾಗಿ ಮಾತಾಡುವುದಕ್ಕೆ ನನಗೊಂದು ಕಾರಣ ಇದೆ. ಯಾರಿಗೂ ಹೇಳಿರಲಿಲ್ಲ.

ಮೂವತ್ತೈದರ ವಯಸ್ಸಿನಲ್ಲಿ ನಾನೂ ಒಂದು ಜೀವನಚರಿತ್ರೆ ಬರೆದೆ. ನಮ್ಮ ಕಡೆಯ ಒಬ್ಬ ದೊಡ್ಡ ಮನುಷ್ಯರದ್ದು. ಶಾಲೆ ಕಟ್ಟಿಸಿದವರು, ನೂರಾರು ಮಕ್ಕಳಿಗೆ ಅನ್ನ ಹಾಕಿದವರು. ಆ ಶಾಲೆಯ ಜಾಗದಲ್ಲಿ ಮೊದಲು ಒಂದು ಗೇಣಿ ಕುಟುಂಬ ಇತ್ತು. ಅವರನ್ನು ಎಬ್ಬಿಸಿ ಜಾಗ ತೆಗೆದುಕೊಂಡದ್ದು. ನನಗೆ ಗೊತ್ತಿತ್ತು. ಬರೆದೂ ಇದ್ದೆ. ಮನೆಯವರು "ಅದೊಂದು ಬೇಡ" ಅಂದರು. ತೆಗೆದೆ.

ಬಿಡುಗಡೆಯ ದಿನ ಹಾರ, ಶಾಲು, ಚಪ್ಪಾಳೆ. ಎಲ್ಲ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ದುಡ್ಡು ಕೊಟ್ಟು ಪುಸ್ತಕ ತಗೊಂಡಿದ್ದಳು. "ಇದರಲ್ಲಿ ನಮ್ಮಪ್ಪನ ಹೆಸರು ಯಾವ ಪುಟದಲ್ಲಿದೆ ಸಾರ್?" ಎಂದು ಕೇಳಿದಳು. ಆ ಗೇಣಿದಾರನ ಮಗಳು. ಮುಂದಿನ ಮುದ್ರಣದಲ್ಲಿ ಹಾಕ್ತೀನಿ ಎಂದೆ. ಮುಂದಿನ ಮುದ್ರಣ ಬರಲೇ ಇಲ್ಲ. ಆ ಪುಸ್ತಕವನ್ನು ಅರ್ಧ ಪುಟ ಹೊಗಳಿ ಬರೆದ ವಿಮರ್ಶಕರೊಬ್ಬರಿಗೂ ಜಾಗದ ವಿಷಯ ಗೊತ್ತಿತ್ತು. ಅವರ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ. ಒಂದು ಮಾತು ಬೈದಿದ್ದರೆ ಆಗಲೇ ತಿದ್ದಿಕೊಳ್ಳುತ್ತಿದ್ದೆನೇನೋ.

ಅದಕ್ಕೇ ನಿನ್ನ 1847ರ ಪುಟ ಹುಡುಕಿದೆ. ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ಗುಲಾಮರನ್ನು, ಗುಲಾಮಗಿರಿಗೆ ಕಾನೂನು ಒಪ್ಪದ ಇಲಿನಾಯ್‌ನ ತನ್ನ ಹೊಲಕ್ಕೆ ಕರೆತಂದು ದುಡಿಸುತ್ತಿದ್ದ. ಅವರಲ್ಲಿ ಒಬ್ಬಳು ಜೇನ್ ಬ್ರಯಂಟ್. ತನ್ನನ್ನೂ ಮಕ್ಕಳನ್ನೂ ವಾಪಸ್ ಕಳಿಸಿ ಮಾರಿಬಿಡುತ್ತಾರೆ ಎಂದು ಹೆದರಿ ಮಕ್ಕಳನ್ನು ಕಟ್ಟಿಕೊಂಡು ತಪ್ಪಿಸಿಕೊಂಡಳು. ಅವಳು ನನ್ನ ಆಸ್ತಿ ಎಂದು ಮ್ಯಾಟ್ಸನ್ ಕೋರ್ಟಿಗೆ ಹೋದ. ಅವನ ಪರ ವಾದಿಸಿದ ವಕೀಲರಲ್ಲಿ ಲಿಂಕನ್ ಒಬ್ಬ. ಲಿಂಕನ್ ಸೋತ. ಜೇನ್, ಅವಳ ನಾಲ್ಕು ಮಕ್ಕಳು ಬಿಡುಗಡೆಯಾದರು. ಸೋಲಿನ ಪಟ್ಟಿಯಲ್ಲಿ ಈ ಸೋಲನ್ನು ಯಾರೂ ಸೇರಿಸುವುದಿಲ್ಲ. ನೀನೂ ಸೇರಿಸಿಲ್ಲ.

ಹಾಲಿನ ಪಾತ್ರೆಯನ್ನು ತೋರಿಸಿದ ಹಾಗೆಯೇ ಆ ಕೋರ್ಟಿನ ಕೋಣೆಯನ್ನೂ ತೋರಿಸು. ನಿನ್ನ ಕೈಲಿ ಆಗುತ್ತದೆ. ಆಮೇಲೆ ಚಾರ್ಲ್ಸ್‌ಟನ್‌ಗೆ ಬಾ, ಅವಸರ ಬೇಡ. ಬರೆದಾದ ಮೇಲೆ ಪೂರ್ತಿ ಕಟ್ಟು ಕಳಿಸಬೇಡ, ನನ್ನ ಕಣ್ಣು ಈಗ ಬೇಗ ದಣಿಯುತ್ತದೆ. ಜೇನ್ ಬ್ರಯಂಟ್ ಹೆಸರು ಯಾವ ಪುಟದಲ್ಲಿದೆ ಅಂತ ಒಂದು ಕಾರ್ಡು ಬರೆದು ತಿಳಿಸು.

ನಿನ್ನ ಹಳೆಯ ಮೇಷ್ಟ್ರು